ಗಿರಾಕಿಯೇ ಗಿರಾಕಿಯನ್ನು ಕರೆತರಲಿ: ಯಾದಗಿರಿ, ಶಹಾಪುರ, ಸುರಪುರದ ಸಣ್ಣ ವ್ಯವಹಾರಸ್ಥ ರೈತರಿಗೊಂದು ಪಾಠ

ಹೊಲದ ಜೊತೆಗೆ ಒಂದು ಸಣ್ಣ ವ್ಯವಹಾರ ಹಚ್ಚಿಕೊಂಡ ಹುಡುಗರು ನಮ್ಮ ಕಡೆ ಈಗ ಊರಿಗೊಬ್ಬರಾದರೂ ಸಿಗ್ತಾರೆ. ಒಬ್ಬ ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸ್ತಾನೆ. ಒಬ್ಬ ಸಣ್ಣ ಮಷಿನ್ ತಂದು ತೊಗರಿ ಬೇಳೆ ಮಾಡ್ತಾನೆ. ಶೇಂಗಾ ಎಣ್ಣೆಯ ಗಾಣ, ಎರೆಗೊಬ್ಬರ, ಕುರಿ ಸಾಕಾಣಿಕೆ, ಮೆಣಸಿನ ಸಸಿ, ಡ್ರೋನ್‌ನಿಂದ ಎಣ್ಣೆ ಹೊಡೆಯೋದು, ಹೀಗೆ ಒಬ್ಬೊಬ್ಬರದು ಒಂದೊಂದು. ಆದರೆ ಎಲ್ಲರ ಪ್ರಶ್ನೆ ಒಂದೇ: "ಅಣ್ಣಾ, ಕೆಲಸ ಚಲೋ ಮಾಡ್ತೀನಿ. ಗಿರಾಕಿ ಎಲ್ಲಿಂದ ತರೋದು?"

ಬಹಳ ಮಂದಿ ಇದಕ್ಕೆ ಮೊದಲು ಮಾಡೋದು ಬ್ಯಾನರ್ ಹಾಕಿಸೋದು, ರೀಲ್ಸ್ ಬಿಡೋದು. ಅದು ತಪ್ಪಲ್ಲ. ಆದರೆ ನಮ್ಮ ಮಂದಿ ಬ್ಯಾನರ್ ನೋಡಿ ಹೆಸರು ತಿಳ್ಕೋತಾರೆ, ರೊಕ್ಕ ಕೊಡೋದು ಮಾತ್ರ ಗುರುತಿನವರ ಮಾತು ಕೇಳಿ. "ಅವನ ಹತ್ರ ಹೋಗು, ನಾನು ಹೇಳೀನಿ ಅನ್ನು" ಅನ್ನೋ ಒಂದು ಮಾತಿಗೆ ಇರುವ ತೂಕ ಯಾವ ಜಾಹೀರಾತಿಗೂ ಇಲ್ಲ. ಈ ವಾರದ ಪಾಠ ಆ ಮಾತನ್ನ ಹೇಗೆ ಗಳಿಸಬೇಕು, ಹೇಗೆ ಕೇಳಬೇಕು, ಯಾವ ತಪ್ಪಿನಿಂದ ಅದು ಕೈಬಿಟ್ಟು ಹೋಗ್ತದೆ ಅನ್ನೋದರ ಬಗ್ಗೆ. ನಾನು ಶಹಾಪುರ ತಾಲ್ಲೂಕಿನಲ್ಲಿ ಮೆಣಸಿನ ಸಸಿ ನರ್ಸರಿ ನಡೆಸ್ತೀನಿ, ಹಾಗಾಗಿ ಉದಾಹರಣೆಗಳು ಅಲ್ಲಿಂದ ಸ್ವಲ್ಪ ಹೆಚ್ಚು ಬರ್ತವೆ. ನಿಮ್ಮ ಕೆಲಸಕ್ಕೆ ಹೊಂದಿಸಿಕೊಂಡು ಓದಿ.

ಹೇಳಿದವರ ಹೆಸರು ಪಣಕ್ಕಿರ್ತದೆ

ಒಂದು ಶಿಫಾರಸಿನಲ್ಲಿ ಮೂರು ಮಂದಿ ಇರ್ತಾರೆ: ಕೆಲಸ ಮಾಡುವ ನೀವು, ಕೆಲಸ ಬೇಕಾದ ಹೊಸ ಗಿರಾಕಿ, ನಡುವೆ ನಿಮ್ಮ ಹೆಸರು ಹೇಳಿದವರು. ನಿಮಗೆ ಬರೋದು ಲಾಭ. ಗಿರಾಕಿಗೆ ಸಿಗೋದು ಕೆಲಸ. ನಡುವಿನವರಿಗೆ ಸಾಮಾನ್ಯವಾಗಿ ಏನೂ ಸಿಗೋದಿಲ್ಲ. ಆದರೆ ಕೆಲಸ ಕೆಟ್ಟರೆ ಮಾತು ಕೇಳಬೇಕಾದವರು ಅವರೇ.

ಒಂದು ಲೆಕ್ಕ ನೋಡಿ. ಮೆಣಸಿನಕಾಯಿಗೆ ಎಕರೆಗೆ ಸುಮಾರು 12 ಸಾವಿರ ಸಸಿ ಬೇಕು. ಸಸಿ ಟ್ರೇನಲ್ಲಿ ಇರೋದು 35ರಿಂದ 40 ದಿನ, ಹೊಲದಲ್ಲಿ ಇರೋದು ಆರೇಳು ತಿಂಗಳು. ನಾಟಿ ಮಾಡಿದ ದಿನ ಕೆಟ್ಟ ಸಸಿಗೂ ಒಳ್ಳೆ ಸಸಿಗೂ ಅಂಥ ವ್ಯತ್ಯಾಸ ಕಾಣೋದಿಲ್ಲ. ತಳಿ ಬೆರಕೆ ಆಗಿದ್ದು ಕಾಯಿ ಬಿಟ್ಟಾಗ ಗೊತ್ತಾಗ್ತದೆ. ಅಷ್ಟೊತ್ತಿಗೆ ಗೊಬ್ಬರ, ಎಣ್ಣೆ, ಕೂಲಿ ಎಲ್ಲ ಹೊಲಕ್ಕೆ ಬಿದ್ದಿರ್ತದೆ, ಆ ವರ್ಷ ಹೋಯ್ತು. ಅಂಥ ಸಸಿಯನ್ನ ಒಬ್ಬ ಮಾವ ತನ್ನ ಬೀಗರಿಗೆ ಹೇಳಿ ಕೊಡಿಸಿದ್ದ ಅಂತ ಇಟ್ಕೊಳ್ಳಿ. ನಷ್ಟ ಬೀಗರ ಹೊಲದಲ್ಲಿ, ಆದರೆ ಮುಂದಿನ ಮದುವೆ-ಮುಂಜಿಯಲ್ಲಿ ತಲೆ ತಗ್ಗಿಸೋದು ಆ ಮಾವ. ಅವನು ನಿಮ್ಮ ಹತ್ರ ಜಗಳಕ್ಕೂ ಬರಲಿಕ್ಕಿಲ್ಲ. ಇನ್ನು ಮುಂದೆ ನಿಮ್ಮ ಹೆಸರು ಎತ್ತೋದಿಲ್ಲ, ಅಷ್ಟೇ. ಸಣ್ಣ ವ್ಯವಹಾರ ಮುಳುಗೋದು ಹೆಚ್ಚಾಗಿ ಇಂಥ ಸದ್ದಿಲ್ಲದ ರೀತಿಯಲ್ಲೇ.

ಆದ್ದರಿಂದ ಯಾರನ್ನಾದರೂ "ನನ್ನ ಹೆಸರು ಹೇಳ್ರಿ" ಅಂತ ಕೇಳೋ ಮೊದಲು ನಿಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ: ನನ್ನ ಕೆಲಸ ನನ್ನ ಸ್ವಂತ ಬೀಗರ ಹೊಲಕ್ಕೆ ಕಳಿಸುವಷ್ಟು ಭರವಸೆಯದು ಇದೆಯಾ? ಇಲ್ಲ ಅಂದ್ರೆ ಮೊದಲು ಕೆಲಸ ಸರಿಮಾಡಿ, ಪರಿಚಯ ಆಮೇಲೆ.

ನಿಮಗೆ ಬೇಕಾದ ಗಿರಾಕಿ ಎಷ್ಟು? ಮೊದಲು ಎಣಿಸಿ

ಫೋನಿನಲ್ಲಿ ಸಾವಿರ ಮಂದಿ ಫಾಲೋ ಮಾಡಬೇಕು ಅನ್ನೋ ಆಸೆ ಎಲ್ಲರಿಗೂ ಇದೆ. ನಿಜವಾಗಿ ಎಷ್ಟು ಗಿರಾಕಿ ಬೇಕು ಅಂತ ಕೂತು ಲೆಕ್ಕ ಹಾಕಿದವರು ಕಡಿಮೆ. ಮೂರು ಅಂದಾಜು ಲೆಕ್ಕ ಮಾಡೋಣ.

ಸಸಿ ನರ್ಸರಿ: ಒಂದು ಹಂಗಾಮಿಗೆ 3 ಲಕ್ಷ ಸಸಿ ಬೆಳೆಸುವ ಜಾಗ ಇದೆ ಅನ್ನೋಣ. ಎಕರೆಗೆ 12 ಸಾವಿರ ಹಿಡಿದರೆ 25 ಎಕರೆ ಆಯ್ತು. ಒಬ್ಬ ರೈತ ಸರಾಸರಿ 2 ಎಕರೆ ಹಚ್ಚಿದರೆ 12-13 ರೈತರು ಸಾಕು.

ಟ್ರ್ಯಾಕ್ಟರ್ ಬಾಡಿಗೆ: ಬಿತ್ತನೆ ಮುಂಚಿನ 20 ದಿನ, ದಿನಕ್ಕೆ 8 ಎಕರೆ ರೋಟವೇಟರ್ ಹೊಡೆದರೆ 160 ಎಕರೆ. ಒಬ್ಬರದು 4 ಎಕರೆ ಅಂದ್ರೆ 40 ಮಂದಿ.

ತೊಗರಿ ಬೇಳೆ: 10 ಕ್ವಿಂಟಲ್ ತೊಗರಿಯಿಂದ ಸುಮಾರು 7 ಕ್ವಿಂಟಲ್ ಬೇಳೆ ಬಂತು ಅನ್ನೋಣ. ಒಂದು ಮನೆಗೆ ತಿಂಗಳಿಗೆ ಎರಡೂವರೆ ಕಿಲೊ ಅಂದ್ರೆ ವರ್ಷಕ್ಕೆ 30 ಕಿಲೊ. 23-24 ಮನೆ ಹಿಡಿದರೆ ಮಾಲು ಪೂರ್ತಿ ಹೋಯ್ತು.

ಈ ಸಂಖ್ಯೆ ನೋಡಿದರೆ ಧೈರ್ಯ ಬರ್ತದೆ. ಒಬ್ಬೊಬ್ಬರು ಮೂರು ಗಿರಾಕಿ ಕಳಿಸುವ ನಾಲ್ಕು ಮಂದಿ ಸಿಕ್ಕರೆ ಸಣ್ಣ ನರ್ಸರಿಯ ಒಂದು ಹಂಗಾಮು ದಾಟ್ತದೆ. ನಮಗೆ ಬೇಕಾದದ್ದು ಜಾತ್ರೆಯಷ್ಟು ಮಂದಿ ಅಲ್ಲ, ನಂಬಿ ಹೆಸರು ಹೇಳುವ ನಾಲ್ಕಾರು ಮಂದಿ.

ಆ ನಾಲ್ಕಾರು ಮಂದಿ ಎಲ್ಲಿ ಸಿಗ್ತಾರೆ?

ಬಹಳ ಹುಡುಗರು ತಮ್ಮಂಥ ಕೆಲಸ ಮಾಡುವವರ ಜೊತೆ, ತಮ್ಮ ವಯಸ್ಸಿನವರ ಜೊತೆ ಮಾತ್ರ ಓಡಾಡ್ತಾರೆ. ಗಿರಾಕಿ ಕಳಿಸುವವರು ಹೆಚ್ಚಾಗಿ ಬೇರೆ ಕೆಲಸದವರು. ನಿಮ್ಮ ಗಿರಾಕಿಯನ್ನ ನಿಮಗಿಂತ ಒಂದು ವಾರ ಮೊದಲು ಯಾರು ಭೇಟಿ ಆಗ್ತಾರೆ ಅನ್ನೋದನ್ನ ಯೋಚಿಸಿ.

1. ಹೊಲದಿಂದ ಹೊಲಕ್ಕೆ ಹೋಗುವವರು. ರಾಶಿ ಮಷಿನ್ ಡ್ರೈವರ್, ಬೋರ್‌ವೆಲ್ ಮೋಟಾರ್ ಮೆಕ್ಯಾನಿಕ್, ಕೂಲಿ ಕರೆತರುವ ಮೇಸ್ತ್ರಿ. ಯಾರ ಹೊಲದಲ್ಲಿ ಏನು ನಡೆದಿದೆ ಅನ್ನೋದು ಇವರಿಗೆ ಗೊತ್ತಿದ್ದಷ್ಟು ಪಂಚಾಯ್ತಿಗೂ ಗೊತ್ತಿರೋದಿಲ್ಲ. ನಾಟಿಗೆ ಕೂಲಿ ಹೆಣ್ಮಕ್ಕಳನ್ನ ಕರೆತರುವ ಮೇಸ್ತ್ರಿಗೆ ಯಾರು ಈ ಸಲ ಮೆಣಸಿನಕಾಯಿ ಹಚ್ತಾರೆ ಅನ್ನೋದು ಮೊದಲೇ ತಿಳಿದಿರ್ತದೆ.

2. ಒಂದೇ ಕಡೆ ಕೂತಿರುವವರು, ಅವರ ಹತ್ರ ಎಲ್ಲರೂ ಬರ್ತಾರೆ. ಹಿಟ್ಟಿನ ಗಿರಣಿ, ಹಾಲಿನ ಡೇರಿ, ಗೊಬ್ಬರದಂಗಡಿ, ಅಡತಿ ಅಂಗಡಿ, ಗ್ಯಾರೇಜ್, ಹತ್ತಿಗೂಡೂರಿನಂಥ ಕ್ರಾಸ್‌ನಲ್ಲಿರುವ ಚಹಾದಂಗಡಿ.

3. ಮಹಿಳಾ ಸ್ವಸಹಾಯ ಸಂಘಗಳು. ಬೇಳೆ, ಎಣ್ಣೆ, ಖಾರದಪುಡಿ, ರೊಟ್ಟಿಯಂಥ ಮನೆಬಳಕೆ ಮಾಲಿಗೆ ನಿರ್ಧಾರ ಮಾಡೋದು ಅಡುಗೆಮನೆ. ನೆರೆಯ ಕಲಬುರಗಿಯಲ್ಲಿ ಸಂಘದ ಮಹಿಳೆಯರು ಮಾಡಿದ ಜೋಳದ ರೊಟ್ಟಿ ಇವತ್ತು 'ಕಲಬುರಗಿ ರೊಟ್ಟಿ' ಅನ್ನೋ ಹೆಸರಲ್ಲೇ ಮಾರಾಟ ಆಗ್ತದೆ. ಅಕ್ಕನವರ ವಾರದ ಸಭೆಯಲ್ಲಿ ಒಬ್ಬರು "ಆ ಬೇಳಿ ಲಗೂನ ಕುದೀತದ" ಅಂದ್ರೆ ಮುಂದಿನ ವಾರ ಐದು ಮನೆಯಿಂದ ಫೋನ್ ಬರ್ತದೆ.

4. ಕೃಷಿ ಸಂಸ್ಥೆಗಳು. ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಶಹಾಪುರದ ಪಕ್ಕ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಇದೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದ್ದೇ ಇದೆ. ಇವರು ಯಾರ ಮಾಲಿಗೂ ಜಾಹೀರಾತು ಮಾಡೋದಿಲ್ಲ, ಮಾಡಬಾರದು ಕೂಡ. ಆದರೆ ತರಬೇತಿ, ಕ್ಷೇತ್ರೋತ್ಸವಕ್ಕೆ ಹೋದರೆ ಕಲಿಯೋದರ ಜೊತೆ ಬೇರೆ ತಾಲ್ಲೂಕಿನ ಚುರುಕು ರೈತರ ಪರಿಚಯ ಆಗ್ತದೆ. ಕೆಲಸ ಇದ್ದಾಗ ಮಾತ್ರ ಹೋಗಬೇಡಿ, ತರಬೇತಿ ಇದ್ದಾಗಲೂ ಹೋಗಿ.

5. ಊರು ಬಿಟ್ಟು ಹೋದ ನಮ್ಮ ಮಂದಿ. ಯಾದಗಿರಿ ಜಿಲ್ಲೆಯಿಂದ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರು ಎಷ್ಟು ಮಂದಿ ಅಂತ ನಿಮಗೇ ಗೊತ್ತು. ಅವರ ಮನೆಗೂ ಊರ ಜೋಳ, ಊರ ತೊಗರಿ ಬೇಳೆ, ಊರ ಖಾರ ಬೇಕು. ಅವರು ಕೆಲಸ ಮಾಡುವ ಅಪಾರ್ಟ್‌ಮೆಂಟಿನ ಮನೆಗಳಿಗೂ ಬೇಕು. ಯಾದಗಿರಿ ಸ್ಟೇಷನ್ ಮುಂಬೈ-ಚೆನ್ನೈ ರೈಲು ದಾರಿಯಲ್ಲೇ ಇದೆ. ಊರಿಗೆ ಬಂದು ವಾಪಸ್ ಹೋಗುವ ಒಬ್ಬ ತಮ್ಮ 5 ಕಿಲೊ ಬೇಳೆ ಒಯ್ದರೆ ಅದು ನಿಮ್ಮ ಮೊದಲ ಹೊರಗಿನ ಅಂಗಡಿ ಇದ್ದಂಗೆ.

ಈ ಐದು ಗುಂಪಿನಲ್ಲಿ ಒಬ್ಬೊಬ್ಬರನ್ನ ಹಿಡಿಯಿರಿ. ಒಂದೇ ಗುಂಪಿನ ಐದು ಮಂದಿಗಿಂತ ಐದು ಗುಂಪಿನ ಒಬ್ಬೊಬ್ಬರು ಮೇಲು. ಹಾಗೇ ಒಂದು ಮಾತು ಬಿಚ್ಚಿ ಹೇಳ್ತೀನಿ: ನಮ್ಮ ಪರಿಚಯ ಹೆಚ್ಚಾಗಿ ನಮ್ಮ ಓಣಿ, ನಮ್ಮ ಜಾತಿ, ನಮ್ಮ ಪಾರ್ಟಿಯ ಮಂದಿಯಲ್ಲೇ ಸುತ್ತಾಡ್ತದೆ. ವ್ಯವಹಾರವೂ ಅಲ್ಲೇ ನಿಂತರೆ ಅದು ಒಂದು ಓಣಿಯಷ್ಟೇ ಬೆಳೀತದೆ. ಚುನಾವಣೆ ಬಂದಾಗ ಅರ್ಧ ಗಿರಾಕಿ ಮುನಿಸಿಕೊಳ್ತಾರೆ. ಇನ್ನೊಂದು ಓಣಿಯ ಹೊಲದಲ್ಲಿ ಮಾಡಿದ ಒಂದು ಒಳ್ಳೆ ಕೆಲಸ ನಿಮಗೆ ಇಡೀ ಊರಿನ ಬಾಗಿಲು ತೆಗೀತದೆ.

ಯಾವಾಗ ಕೇಳಬೇಕು?

ನಮ್ಮ ಜಿಲ್ಲೆ ನೋಡಲಿಕ್ಕೆ ಒಂದೇ, ಒಳಗೆ ಎರಡು. ನಾರಾಯಣಪುರ ಬಸವಸಾಗರದ ಎಡದಂಡೆ ಕಾಲುವೆ ನೀರು ಬರುವ ಹುಣಸಗಿ, ಸುರಪುರ, ಶಹಾಪುರದ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ. ಮಳೆ ನಂಬಿದ ಯಾದಗಿರಿ, ಗುರುಮಠಕಲ್ ಕಡೆ ಹೆಸರು, ತೊಗರಿ, ಹತ್ತಿ ಹೆಚ್ಚು. ಒಂದು ಕಡೆ ಕೆಲಸದ ಗಡಿಬಿಡಿ ಇದ್ದಾಗ ಇನ್ನೊಂದು ಕಡೆ ಬಿಡುವಿರ್ತದೆ. ನಿಮ್ಮ ಪರಿಚಯ ಎರಡೂ ಕಡೆ ಇದ್ದರೆ ಮಷಿನ್ ಖಾಲಿ ನಿಲ್ಲುವ ದಿನ ಕಡಿಮೆ ಆಗ್ತವೆ.

ಮಂದಿ ನಿರ್ಧಾರ ಮಾಡೋದು ಹಂಗಾಮಿಗಿಂತ ಮುಂಚೆ. ಮೆಣಸಿನ ನಾಟಿ ಜುಲೈ-ಆಗಸ್ಟಿನಲ್ಲಿ ಅಂದ್ರೆ ಸಸಿ ಮಾತು ಮೇ ತಿಂಗಳಲ್ಲೇ ಆಗಬೇಕು, ಯಾಕಂದ್ರೆ ಬೀಜ ಟ್ರೇಗೆ ಬೀಳೋದೇ ಜೂನ್‌ನಲ್ಲಿ. ತೊಗರಿ ರಾಶಿ ಡಿಸೆಂಬರ್-ಜನವರಿಯಲ್ಲಿ ಅಂದ್ರೆ ರಾಶಿ ಮಷಿನ್ ಮಾತು ದೀಪಾವಳಿ ಹೊತ್ತಿಗೆ ಶುರು ಆಗಬೇಕು. ರಾಶಿ ಮುಗಿದು ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಮಂದಿ ಸೇರಿದಾಗ ಮಾತಿಗೆ ಸಿಗ್ತಾರೆ ನಿಜ, ಆದರೆ ಆ ವರ್ಷದ ಕೆಲಸ ಅಷ್ಟೊತ್ತಿಗೆ ಕೈದಾಟಿರ್ತದೆ.

ಹಳೆಯ ಗಿರಾಕಿಯನ್ನ ಕೇಳುವ ಸಮಯ ಇನ್ನೊಂದು. ಅವರು ತಾವಾಗೇ "ಕೆಲಸ ಚಲೋ ಆತು ನೋಡು" ಅಂದ ಗಳಿಗೆಯೇ ಸರಿಯಾದ ಗಳಿಗೆ. ರೊಕ್ಕ ಎಣಿಸಿ ಕೊಡುವಾಗ ಕೇಳಬೇಡಿ, ಆಗ ಅವರ ಮನಸ್ಸು ರೇಟಿನ ಮೇಲಿರ್ತದೆ.

ಹೇಗೆ ಕೇಳಬೇಕು?

"ಯಾರಿಗಾದ್ರೂ ಬೇಕಾದ್ರ ಹೇಳ್ರಿ" ಅಂದ್ರೆ ಎಲ್ಲರೂ "ಆಯ್ತು" ಅಂತಾರೆ, ಯಾರಿಗೂ ಹೇಳೋದಿಲ್ಲ. 'ಯಾರಿಗಾದ್ರೂ' ಅಂದಾಗ ಅವರ ಕಣ್ಣ ಮುಂದೆ ಯಾವ ಮುಖವೂ ಬರೋದಿಲ್ಲ. ಮುಖ ಕಾಣುವಂತೆ ಕೇಳಿ:

"ಕಾಕಾ, ಸಸಿ ಹೆಂಗ ಹತ್ಯಾವ್ರಿ?"
"ಚಲೋ ಹತ್ಯಾವಪ್ಪ, ಹತ್ತೋ ಹನ್ನೆರಡೋ ಒಣಗಿರಬೇಕು."
"ಹಂಗಾದ್ರ ಒಂದು ಮಾತು ಕೇಳ್ತೀನ್ರಿ. ನಿಮ್ಮ ಕಾಲುವಿ ಸಾಲಿನಾಗ ಈ ಸಲ ಮೆಣಸಿನಕಾಯಿ ಹಚ್ಚೋರು ಯಾರರ ಇದ್ದಾರೇನ್ರಿ?"
"ನಮ್ಮ ಅಳಿಯ ಹಚ್ತೀನಿ ಅಂತಿದ್ದ ನೋಡು, ಕೆಂಭಾವಿ ಕಡೆ."
"ಅವ್ರನ್ನ ಒಂದು ಮಾತು ಕೇಳ್ರಿ ಕಾಕಾ. ಅವ್ರು ಹ್ಞೂಂ ಅಂದ್ರ ನಂಬರ್ ಕೊಡ್ರಿ, ನಾನೇ ಫೋನ್ ಮಾಡ್ತೀನಿ. ಮೊದ್ಲು ನಿಮ್ಮ ಹೊಲಕ್ಕ ಬಂದು ಸಸಿ ನೋಡ್ಲಿ, ಆಮ್ಯಾಲ ಬೇಕಾದ್ರ ತಗೊಳ್ಳಿ."

ಇದರಲ್ಲಿ ನಾಲ್ಕು ಸಂಗತಿ ಗಮನಿಸಿ. ಮೊದಲು ಕೆಲಸ ಹೇಗಾಯ್ತು ಅಂತ ವಿಚಾರಿಸಿದ್ದು. ಕೇಳಿದ್ದು ಒಂದೇ ಸಾಲಿನ, ಒಂದೇ ಬೆಳೆಯ ಬಗ್ಗೆ. ಅಳಿಯನ ಒಪ್ಪಿಗೆ ಇಲ್ಲದೆ ನಂಬರ್ ಕೇಳಲಿಲ್ಲ. ಕಡೆಗೆ, ಕಾಕಾನ ಮಾತಿನ ಭಾರ ಕಡಿಮೆ ಮಾಡಿದ್ದು: 'ನೋಡಿ ತಗೊಳ್ಳಲಿ' ಅಂದಾಗ ನಾಳೆ ಏನಾದರೂ ಆದರೆ ಕಾಕಾ ಒಬ್ಬನೇ ಹೊಣೆ ಅನ್ನಿಸೋದಿಲ್ಲ. ಹೆಸರು ಹೇಳುವವರಿಗೆ ಇದು ದೊಡ್ಡ ಸಮಾಧಾನ.

ಹೆಸರು ಹೇಳಿ ಕಳಿಸಿದ ಮೇಲೆ ನಿಮ್ಮ ಕೆಲಸ

ಒಂದು, ಅದೇ ದಿನ ಫೋನ್ ಮಾಡಿ. ತಡ ಮಾಡಿದರೆ ಕಾಕಾನ ಮಾತಿಗೆ ಬೆಲೆ ಕೊಡಲಿಲ್ಲ ಅಂತ ಅರ್ಥ ಆಗ್ತದೆ.

ಎರಡು, ನಿಮ್ಮಿಂದ ಆಗದ ಕೆಲಸ ಆದರೆ ಮೊದಲೇ ಹೇಳಿ. ತಾರೀಕು ಕೊಟ್ಟರೆ ಅದೇ ತಾರೀಕಿಗೆ ಮಾಡಿ. ಮಳೆ, ಕರೆಂಟು, ಕಾಲುವೆ ನೀರು ಹಿಂದೆಮುಂದೆ ಆದರೆ ಗಿರಾಕಿ ಕೇಳುವ ಮೊದಲೇ ನೀವು ತಿಳಿಸಿ.

ಮೂರು, ಬರವಣಿಗೆಯಲ್ಲಿ ಇರಲಿ. ನರ್ಸರಿಯಲ್ಲಿ ಪ್ರತಿಯೊಬ್ಬರಿಗೂ ಬಿಲ್ ಕೊಟ್ಟು ಅದರ ಮೇಲೆ ತಳಿ ಹೆಸರು, ಬೀಜದ ಲಾಟ್ ನಂಬರ್, ಬಿತ್ತಿದ ದಿನ ಬರೀಬೇಕು. ಬೀಜದ ಖಾಲಿ ಪಾಕೀಟು ಮತ್ತು ಬೀಜ ತಂದ ಬಿಲ್ ಆ ಬೆಳೆ ಮುಗಿಯೋವರೆಗೂ ಇಡಬೇಕು. ನಾಳೆ ತಕರಾರು ಬಂದರೆ ಬೀಜದ್ದೋ, ಸಸಿದ್ದೋ, ಹೊಲದ್ದೋ ಅಂತ ಕೂತು ನೋಡಲಿಕ್ಕೆ ದಾರಿ ಇರ್ತದೆ. ಬಾಡಿಗೆ ಟ್ರ್ಯಾಕ್ಟರ್ ಆದರೆ ಎಷ್ಟು ತಾಸು, ಯಾವ ರೇಟು ಅಂತ ಅಲ್ಲೇ ಒಂದು ವಾಟ್ಸಾಪ್ ಮೆಸೇಜ್ ಹಾಕಿದರೂ ಸಾಕು.

ನಾಲ್ಕು, ಹೇಳಿದವರಿಗೆ ಸುದ್ದಿ ಮುಟ್ಟಿಸಿ. "ಕಾಕಾ, ನಿಮ್ಮ ಅಳಿಯಗ 24 ಸಾವಿರ ಸಸಿ ಮುಟ್ಸೀನಿ, ನಿಮ್ಮ ಹೆಸರು ಉಳಿಸೀನಿ" ಅಂತ ಒಂದು ಫೋನ್. ಇದನ್ನ ಮಾಡುವವರು ಬಹಳ ಕಡಿಮೆ. ಮಾಡಿದವರಿಗೆ ಎರಡನೇ ಗಿರಾಕಿ ಅಲ್ಲಿಂದಲೇ ಬರ್ತಾನೆ.

ಕೆಲಸ ಕೆಟ್ಟರೆ? ಆಗಲೂ ಮೊದಲ ಫೋನ್ ಗಿರಾಕಿಗೆ, ಎರಡನೇದು ಹೆಸರು ಹೇಳಿದವರಿಗೆ. ಏನಾಗಿದೆ, ನೀವು ಏನು ಸರಿಮಾಡಿ ಕೊಡ್ತೀರಿ ಅನ್ನೋದನ್ನ ಅವರು ನಿಮ್ಮ ಬಾಯಿಂದಲೇ ಕೇಳಬೇಕು, ಚಹಾದಂಗಡಿಯಲ್ಲಿ ಅಲ್ಲ.

ಮುಯ್ಯಾಳಿನ ಲೆಕ್ಕ

ಇದೆಲ್ಲ ನಮಗೆ ಹೊಸದಲ್ಲ. ಮುಯ್ಯಾಳು ಪದ್ಧತಿ ನಮ್ಮ ಅಪ್ಪ-ಅಮ್ಮಂದಿರು ಮಾಡಿದ್ದೇ: ಇವತ್ತು ನಿಮ್ಮ ಹೊಲದ ಕಳೆಗೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಗಿರಾಕಿ ಪರಿಚಯವೂ ಹಾಗೇ ನಡೀತದೆ. ಮೊದಲು ನೀವು ನಾಲ್ಕು ಗಿರಾಕಿಯನ್ನ ಬೇರೆಯವರಿಗೆ ಕಳಿಸಿ. ನಿಮ್ಮ ಹತ್ರ ಸಸಿಗೆ ಬಂದ ರೈತ ಡ್ರಿಪ್ ಬಗ್ಗೆ ಕೇಳಿದರೆ ಒಳ್ಳೆ ಕೆಲಸದವರ ಹೆಸರು ಹೇಳಿ. ಅವರು ನಿಮ್ಮನ್ನ ನೆನಪಿಡ್ತಾರೆ.

ನಿಮ್ಮದೇ ಕೆಲಸ ಮಾಡುವ ಇನ್ನೊಬ್ಬನನ್ನೂ ವೈರಿ ಅಂತ ನೋಡಬೇಡಿ. ಭತ್ತದ ಕೊಯ್ಲಿನ ಹೊತ್ತಿನಲ್ಲಿ ಒಂದು ಮಷಿನ್ ಇರುವವನಿಗೆ ಹತ್ತು ಮಂದಿ ಒಂದೇ ದಿನ ಫೋನ್ ಮಾಡ್ತಾರೆ. ಎಲ್ಲರಿಗೂ "ನಾಳಿ ಬರ್ತೀನಿ" ಅಂದು ಎಂಟು ಮಂದಿಯ ಭತ್ತ ಮಳೆಗೆ ಬಿಡೋದಕ್ಕಿಂತ, "ನಂದು ನಾಲ್ಕು ದಿನ ತುಂಬ್ಯಾದ, ಇವ್ರಿಗೆ ಕೇಳ್ರಿ" ಅಂತ ಇನ್ನೊಬ್ಬರ ನಂಬರ್ ಕೊಡೋದು ಮೇಲು. ಆ ಗಿರಾಕಿ ಹೋದ ಅನ್ನಿಸ್ತದೆ, ಆದರೆ ಮುಂದಿನ ವರ್ಷ ಮೊದಲ ಫೋನ್ ನಿಮಗೇ ಮಾಡ್ತಾನೆ. ನೀವು ಸುಳ್ಳು ಹೇಳೋದಿಲ್ಲ ಅಂತ ಅವನಿಗೆ ಗೊತ್ತಾಗಿರ್ತದೆ.

ಬೇರೆಯವರ ಹೆಸರು ಹೇಳುವಾಗ ಮಾತ್ರ ಒಂದು ನಿಯಮ: ಕೆಲಸವನ್ನ ನೀವೇ ಕಣ್ಣಾರೆ ನೋಡಿದ್ದರೆ ಮಾತ್ರ "ಚಲೋ ಮಾಡ್ತಾರ" ಅನ್ನಿ. ಬರೀ ಗುರುತಿದ್ದರೆ "ಗುರ್ತು ಅದಾರ, ಕೆಲಸ ನೀವೇ ವಿಚಾರ್ಸಿ ನೋಡ್ರಿ" ಅನ್ನಿ. ಈ ಎರಡು ಮಾತಿನ ನಡುವಿನ ವ್ಯತ್ಯಾಸ ಕಾಪಾಡಿಕೊಂಡವರ ಮಾತಿಗೆ ಬೆಲೆ ಇರ್ತದೆ.

ಕಮಿಷನ್ ಬಗ್ಗೆ ಗಟ್ಟಿಯಾಗಿ ಒಂದು ಮಾತು

2021-22ರ ಹಂಗಾಮು ಮೆಣಸಿನಕಾಯಿ ಬೆಳೆದವರು ಮರೆಯೋದಿಲ್ಲ. ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳಿಗೆ ಕಪ್ಪು ಥ್ರಿಪ್ಸ್ ಬಿತ್ತು. ಹೂವಿನೊಳಗೆ ಕೂತು ಹೂ ಉದುರಿಸುವ ಹೊಸ ಕೀಟ. ಗಾಬರಿಯಾದ ರೈತ ಯಾರು ಯಾವ ಎಣ್ಣೆ ಹೇಳಿದರೂ ತಂದು ಹೊಡೆಯುವ ಪರಿಸ್ಥಿತಿ. ಅಂಥ ಹೊತ್ತಿನಲ್ಲಿ "ಈ ಬಾಟ್ಲಿ ತಗೋ, ನಾನು ಹೇಳ್ತೀನಿ" ಅನ್ನುವವನ ಹಿಂದೆ ಬಾಟಲಿಗಿಷ್ಟು ಅಂತ ಕಮಿಷನ್ ಇದ್ದರೆ ಅದು ಶಿಫಾರಸು ಅಲ್ಲ, ಕಷ್ಟದಲ್ಲಿರುವವನ ಕಿಸೆಗೆ ಕೈ ಹಾಕಿದಂತೆ.

ನೀವು ಫೋನ್ ಇರುವ, ನಾಲ್ಕು ಮಂದಿ ಮಾತು ಕೇಳುವ ಹುಡುಗರು. ನಿಮ್ಮ ಹತ್ರ ಇಂಥ ಕಮಿಷನ್ ಮಾತು ಬಂದೇ ಬರ್ತದೆ. ಹೀಗೆ ನಡೆದುಕೊಳ್ಳಿ:

ಕಮಿಷನ್ ತಗೊಂಡು ಬೀಜ, ಎಣ್ಣೆ ಶಿಫಾರಸು ಮಾಡಬೇಡಿ. ಬೆಳೆ ಹೋದರೆ ನಿಮ್ಮ ಕಮಿಷನ್ನಿನ ನೂರು ಪಟ್ಟು ನಷ್ಟ ಅವರದು. ರೋಗ-ಕೀಟದ ಪ್ರಶ್ನೆ ಬಂದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಕಳಿಸಿ.

ಪರವಾನಗಿ ಇಲ್ಲದೆ ಬೀಜ, ಕೀಟನಾಶಕ ತಂದು ಮಾರಬೇಡಿ. ಕೀಟನಾಶಕ ಮಾರಲು 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಪರವಾನಗಿ ಬೇಕೇ ಬೇಕು. ಬಿಲ್ಲಿಲ್ಲದ, ಅನುಮತಿ ಇಲ್ಲದ ಹತ್ತಿ ಬೀಜವನ್ನ "ಕಳೆ ಎಣ್ಣಿ ಹೊಡದ್ರೂ ಸಾಯಲ್ಲ" ಅಂತ ಕೈಯಲ್ಲಿ ಕೊಡುವವರಿಂದ ದೂರ ಇರಿ. ಬೆಳೆ ಕೈಕೊಟ್ಟರೆ ರೈತನಿಗೆ ದೂರು ಕೊಡಲು ಒಂದು ಚೀಟಿಯೂ ಇರೋದಿಲ್ಲ.

ಬೇಳೆ, ಎಣ್ಣೆ, ಮಷಿನ್ ಬಾಡಿಗೆಯಂಥ ಕೆಲಸದಲ್ಲಿ ಗಿರಾಕಿ ಕಳಿಸಿದವರಿಗೆ ಏನಾದರೂ ಕೊಡಬೇಕು ಅನ್ನಿಸಿದರೆ ಮುಚ್ಚಿಟ್ಟು ಕೊಡಬೇಡಿ. ಒಂದು ಕಿಲೊ ಬೇಳೆಯೋ, ಮುಂದಿನ ಬಾಡಿಗೆಯಲ್ಲಿ ಅರ್ಧ ತಾಸು ಕಡಿತವೋ, ಎಲ್ಲರಿಗೂ ಗೊತ್ತಿರುವಂತೆ ಇರಲಿ. ಗಿರಾಕಿಯ ಮುಂದೆ ಹೇಳಲಾಗದ ಕಮಿಷನ್ ತಗೊಳ್ಳಲೂಬಾರದು, ಕೊಡಲೂಬಾರದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಗ್ರೂಪಿಗೆಲ್ಲ ಜಾಹೀರಾತು ಸುರಿಯೋದು. ಊರ ಗ್ರೂಪು, ಶಾಲೆ ಗ್ರೂಪು, ಸಂಘದ ಗ್ರೂಪಿಗೆ ದಿನಾ ಒಂದೇ ಫೋಟೊ ಹಾಕಿದರೆ ಮಂದಿ ನೋಡೋದು ಬಿಡ್ತಾರೆ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿ, ಒಂದು ಲಿಸ್ಟಿಗೆ 256 ಮಂದಿ. ಒಂದು ಸಂಗತಿ ನೆನಪಿರಲಿ: ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ಮುಟ್ತದೆ. ಹಾಗಾಗಿ ಕೆಲಸ ಮುಗಿದ ಕೂಡಲೇ "ನಂಬರ್ ಸೇವ್ ಮಾಡ್ಕೋರಿ" ಅನ್ನಿ. ಹಂಗಾಮಿಗೆ ಎರಡು-ಮೂರು ಮೆಸೇಜ್ ಸಾಕು.

ಬೇರೆಯವರ ಹೊಲದ ಫೋಟೊ ಹಾಕೋದು. ಇಂಟರ್ನೆಟ್ಟಿನಿಂದ ತೆಗೆದ ಕೆಂಪನೆ ಮೆಣಸಿನ ರಾಶಿಗಿಂತ ನಿಮ್ಮದೇ ಟ್ರೇನ ಸಾದಾ ಫೋಟೊ ಮೇಲು. ಗಿರಾಕಿಯ ಹೊಲದ ಫೋಟೊ ಆದರೆ ಅವರನ್ನ ಕೇಳಿ ಹಾಕಿ.

ಒಬ್ಬರಿಗೊಂದು ರೇಟು. ಪರಿಚಯದಿಂದ ಬಂದ ಗಿರಾಕಿಗಳು ಒಬ್ಬರಿಗೊಬ್ಬರು ಮಾತಾಡ್ತಾರೆ. ಕಾಕಾಗೆ ಒಂದು, ಅಳಿಯನಿಗೆ ಇನ್ನೊಂದು ರೇಟು ಅಂದ್ರೆ ಇಬ್ಬರೂ ಹೋಗ್ತಾರೆ. ರಿಯಾಯಿತಿ ಇದ್ದರೆ ಕಾರಣ ಸಮೇತ ಎಲ್ಲರಿಗೂ ಒಂದೇ ಇರಲಿ: ಇಷ್ಟು ಸಸಿಗಿಂತ ಹೆಚ್ಚು ತಗೊಂಡರೆ ಇಷ್ಟು ಕಡಿಮೆ.

ಭಿಡೆಗೆ ಬಿದ್ದು ಉದ್ರಿ. "ಇಂಥವರು ಕಳ್ಸ್ಯಾರ" ಅಂದ ಕೂಡಲೇ ಉದ್ರಿ ಕೊಟ್ಟರೆ ಆ ರೊಕ್ಕ ವಸೂಲಿ ಮಾಡೋದು ಕಷ್ಟ. ಕೇಳಿದರೆ ಗಿರಾಕಿಯೂ ಮುನಿಸು, ಕಳಿಸಿದವರೂ ಮುನಿಸು. ಸಸಿಗೆ ಬುಕಿಂಗ್ ಹೊತ್ತಿಗೆ ಮುಂಗಡ, ಗಾಡಿಗೆ ಹೇರುವ ಮೊದಲು ಬಾಕಿ ಅಂತ ನಿಯಮ ಮಾಡಿ ಬೋರ್ಡಿನಲ್ಲಿ ಬರೆಸಿ. ಬೋರ್ಡಿನಲ್ಲಿದ್ದರೆ ನೀವು ಬಾಯಿಬಿಟ್ಟು ಇಲ್ಲ ಅನ್ನಬೇಕಾಗಿಲ್ಲ. ಉದ್ರಿ ಕೊಡಲೇಬೇಕಾದರೆ ಕಳಿಸಿದವರನ್ನ ಜಾಮೀನಿಗೆ ಎಳೀಬೇಡಿ, ನೀವು ಕಳ್ಕೊಂಡರೂ ತಡೆಯುವಷ್ಟೇ ಕೊಡಿ.

ಇಲ್ಲದ ದೊಡ್ಡ ಹೆಸರು ಹೇಳೋದು. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಆದರೆ ಆ ಹೆಸರು ಪಾಕೀಟಿನ ಮೇಲೆ ಹಾಕಲು ಅಧಿಕೃತ ಬಳಕೆದಾರ ಅಂತ ನೋಂದಣಿ ಆಗಿರಬೇಕು. 'ಸಾವಯವ' ಅನ್ನೋ ಪದಕ್ಕೂ ಪ್ರಮಾಣಪತ್ರ ಬೇಕು. "ನಮ್ಮ ಹೊಲದ ತೊಗರಿ, ಇಂಥ ಊರು" ಅಂತ ಬರೆದರೆ ಯಾರೂ ತಕರಾರು ತೆಗೆಯೋದಿಲ್ಲ.

ಕಾಗದ ಪತ್ರ ಮುಂದೂಡೋದು. ತಿನ್ನುವ ಮಾಲು ಪಾಕೀಟು ಮಾಡಿ ಮಾರಲು ಆಹಾರ ಸುರಕ್ಷತಾ ನೋಂದಣಿ ಬೇಕು, ಆ 14 ಅಂಕಿಯ ನಂಬರ್ ಪಾಕೀಟಿನ ಮೇಲಿರಬೇಕು. ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ. ಬಾಡಿಗೆಗೆ ಡ್ರೋನ್ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಇರಬೇಕು. ಬೆಂಗಳೂರಿನ ಅಂಗಡಿಯವನಿಗೆ ನಿಮ್ಮ ಹೆಸರು ಹೇಳಿ ಕಳಿಸಿದಾಗ ಅವನು ಕೇಳುವ ಮೊದಲ ಪ್ರಶ್ನೆಯೇ ಇದು.

ಫೋನಿನಲ್ಲಿ ಬಂದವರನ್ನೆಲ್ಲ ನಂಬೋದು. "ನಿಮ್ಮ ಗೆಳೆಯ ನಂಬರ್ ಕೊಟ್ಟ, ದೊಡ್ಡ ಆರ್ಡರ್ ಅದ" ಅಂತ ಅಪರಿಚಿತರು ಫೋನ್ ಮಾಡಿದರೆ ಮೊದಲು ಆ ಗೆಳೆಯನಿಗೆ ಫೋನ್ ಹಚ್ಚಿ ಕೇಳಿ. ರೊಕ್ಕ ತಗೊಳ್ಳಲು ಯುಪಿಐ ಪಿನ್ ಒತ್ತುವ ಅವಶ್ಯಕತೆ ಇಲ್ಲವೇ ಇಲ್ಲ. ಪಿನ್ ಕೇಳಿದರು ಅಂದ್ರೆ ನಿಮ್ಮ ರೊಕ್ಕ ಹೋಗ್ತದೆ ಅಂತ ತಿಳೀರಿ.

ನಂಬರ್ ಬದಲಿಸೋದು. ಹೊಸ ಆಫರ್ ಸಿಮ್ ಬಂತು ಅಂತ ನಂಬರ್ ಬದಲಿಸಿದರೆ ಎರಡು ವರ್ಷದ ಬಾಯಿಮಾತು ನೀರಿಗೆ ಹೋಯ್ತು. ವ್ಯವಹಾರದ ನಂಬರ್ ಒಂದೇ ಇರಲಿ, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ. ಅದು ಉಚಿತ, ಅದರಲ್ಲಿ ಮಾಲು ಮತ್ತು ರೇಟಿನ ಪಟ್ಟಿ ಇಡಬಹುದು.

ಒಂದು ನೋಟ್‌ಬುಕ್, ಐದು ಕಾಲಂ

ನೆನಪಿನ ಮೇಲೆ ಪರಿಚಯ ಉಳಿಯೋದಿಲ್ಲ. ಒಂದು ನೋಟ್‌ಬುಕ್ಕಿನಲ್ಲೋ ಫೋನಿನಲ್ಲೋ ಐದು ಕಾಲಂ ಹಾಕಿ: ಗಿರಾಕಿ ಹೆಸರು ಮತ್ತು ಊರು, ಯಾರು ಕಳಿಸಿದರು, ಏನು ಕೆಲಸ ಮತ್ತು ತಾರೀಕು, ರೊಕ್ಕ ಬಂತಾ, ಕಳಿಸಿದವರಿಗೆ ಸುದ್ದಿ ಹೇಳಿದೆನಾ.

ಹಂಗಾಮು ಮುಗಿದ ಮೇಲೆ ಎರಡನೇ ಕಾಲಂ ಎಣಿಸಿ. ಒಂದೇ ಹೆಸರು ನಾಲ್ಕು ಸಲ ಇದ್ದರೆ ಅವರೇ ನಿಮ್ಮ ವ್ಯವಹಾರದ ಆಧಾರ, ಹಬ್ಬಕ್ಕೆ ಅವರ ಮನೆಗೆ ಹೋಗಿ ಬನ್ನಿ. ನೀವು ಬಹಳ ನಂಬಿದ್ದ ಹೆಸರು ಒಂದು ಸಲವೂ ಇಲ್ಲದಿದ್ದರೆ ಬೇಜಾರಾಗಬೇಡಿ, ಅವರಿಗೆ ನಿಮ್ಮ ಕೆಲಸ ಏನು ಅಂತ ಸರಿಯಾಗಿ ಗೊತ್ತಿದೆಯಾ ಅಂತ ವಿಚಾರಿಸಿ. ಐದನೇ ಕಾಲಂ ಖಾಲಿ ಇದ್ದ ಕಡೆಯೆಲ್ಲ ಇವತ್ತೇ ಫೋನ್ ಮಾಡಿ. ತಡವಾದರೂ ನಡೀತದೆ.

ಈ ವಾರ ಮಾಡಬೇಕಾದ ಕೆಲಸ

1. ನಿಮ್ಮ ವ್ಯವಹಾರಕ್ಕೆ ಒಂದು ಹಂಗಾಮಿಗೆ ಎಷ್ಟು ಗಿರಾಕಿ ಬೇಕು ಅಂತ ಲೆಕ್ಕ ಹಾಕಿ ಬರೆಯಿರಿ.
2. ಮೇಲೆ ಹೇಳಿದ ಐದು ಗುಂಪಿನಿಂದ ಒಬ್ಬೊಬ್ಬರ ಹೆಸರು ಬರೆಯಿರಿ. ಹೆಸರು ಸಿಗದ ಗುಂಪು ಯಾವುದೋ ಅಲ್ಲಿ ನಿಮ್ಮ ಪರಿಚಯ ಕಡಿಮೆ ಇದೆ ಅಂತ ಅರ್ಥ.
3. ಹಳೆಯ ಮೂರು ಗಿರಾಕಿಗೆ ಫೋನ್ ಮಾಡಿ ಕೆಲಸ ಹೇಗಾಗಿದೆ ಅಂತ ಮಾತ್ರ ಕೇಳಿ. ಈ ಸಲ ಏನನ್ನೂ ಮಾರಬೇಡಿ.
4. ಬೇರೆ ಕೆಲಸದ ಒಬ್ಬ ಒಳ್ಳೆ ಹುಡುಗನಿಗೆ ಒಬ್ಬ ಗಿರಾಕಿಯನ್ನ ಕಳಿಸಿ.
5. ಮುಂಗಡ, ಬಾಕಿ, ರೇಟಿನ ನಿಯಮವನ್ನ ಒಂದು ಬೋರ್ಡಿನಲ್ಲಿ ಬರೆಸಿ ಮುಂದೆ ತೂಗುಹಾಕಿ.

ನಾಲ್ಕನೇದು ಕೊನೆಗೆ ಮಾಡೋಣ ಅಂತ ಬಿಡಬೇಡಿ. ಮುಯ್ಯಿ ಮೊದಲು ಹಾಕಿದವರಿಗೇ ವಾಪಸ್ ಬರೋದು.